ಹೋಳಿಗೆ ಮುಟ್ಟಲಿಲ್ಲ, ಆದರೂ ಗೋಧಿ ಹೊಟ್ಟೆಗೆ ಹೋಯಿತು: ಸೀಲಿಯಾಕ್ ಇದ್ದವರ ಮನೆಯ ಹಬ್ಬ

ನನಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಬಂದ ಮೊದಲ ಯುಗಾದಿ ಅದು. ಧಾರವಾಡದ ಅತ್ತೆಮನೆಗೆ ಹೋಗಿದ್ದೆ. ಗೋಧಿ, ಮೈದಾ, ರವೆ ಯಾವುದೂ ಆಗುವುದಿಲ್ಲ ಅಂತ ಫೋನಿನಲ್ಲೇ ಹೇಳಿದ್ದೆ. ಅತ್ತೆ ಅದನ್ನು ಮನಸ್ಸಿಗೆ ಹಚ್ಚಿಕೊಂಡು, ನನಗೆ ಅಂತಲೇ ಗಿರಣಿಯಿಂದ ಅಕ್ಕಿ ಹಿಟ್ಟು ತರಿಸಿ, ಹೋಳಿಗೆಯ ಹೂರಣವನ್ನೇ ಒಳಗಿಟ್ಟು ಕಡುಬು ಮಾಡಿದ್ದರು. ನನ್ನ ಎಲೆಯಲ್ಲಿ ಆ ಕಡುಬು, ಅನ್ನ, ಕಟ್ಟಿನ ಸಾರು, ಕೋಸಂಬರಿ, ಬದನೆಕಾಯಿ ಪಲ್ಯ, ಕರಿದ ಹಪ್ಪಳ. ಹೋಳಿಗೆ ಮುಟ್ಟಲಿಲ್ಲ.

ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿ ನಗಾರಿಯಾಗಿತ್ತು. ರಾತ್ರಿಯೆಲ್ಲ ಭೇದಿ. ಮುಂದಿನ ಒಂದು ವಾರ ಮೆಟ್ಟಿಲು ಹತ್ತಲೂ ಸುಸ್ತು. ಅತ್ತೆ ಅತ್ತುಬಿಟ್ಟರು. ನಾನು ಮಾಡಿದ್ದೇ ತಪ್ಪಾಯಿತೇನೋ ಅಂತ ಅವರಿಗೆ. ಆಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು, ಆ ಎಲೆಯಲ್ಲಿದ್ದ ಒಂದೊಂದೇ ಪದಾರ್ಥ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕಿದೆವು. ಗೋಧಿ ಬಂದ ಮೂರು ದಾರಿ ಸಿಕ್ಕಿತು. ಈ ಲೇಖನ ಆ ಮೂರು ದಾರಿಗಳ ಬಗ್ಗೆ. ಆದರೆ ಅದಕ್ಕೂ ಮೊದಲು ಕಾಯಿಲೆ ಏನು ಅಂತ ಗೊತ್ತಿರಬೇಕು, ಇಲ್ಲದಿದ್ದರೆ ಇದೆಲ್ಲ ಸುಮ್ನೆ ಅತಿ ಮಡಿ ಅನ್ನಿಸುತ್ತದೆ.

ಹೋಳಿಗೆ ಮಾಡುವವರಿಗೆ ಗ್ಲುಟೆನ್ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ, ಹೆಸರು ಗೊತ್ತಿಲ್ಲದಿದ್ದರೂ ಕೈಗೆ ಗೊತ್ತಿರುತ್ತದೆ. ಕಣಕವನ್ನು ನಾದಿ ನಾದಿ, ಎಣ್ಣೆಯಲ್ಲಿ ನೆನೆಯಲು ಬಿಟ್ಟರೆ ಅದು ರಬ್ಬರಿನಂತೆ ಎಳೆದಷ್ಟೂ ಬರುತ್ತದೆ, ಹರಿಯುವುದಿಲ್ಲ. ಆ ಎಳೆತವೇ ಗ್ಲುಟೆನ್. ಗೋಧಿಯಲ್ಲಿರುವ ಎರಡು ಬಗೆಯ ಪ್ರೋಟೀನುಗಳು ನೀರು ಸೇರಿ ನಾದಿದಾಗ ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ. ಅಕ್ಕಿ, ಜೋಳ, ರಾಗಿ, ಸಜ್ಜೆಯಲ್ಲಿ ಈ ಬಲೆ ಇಲ್ಲ. ಅದಕ್ಕೇ ಚಪಾತಿಯನ್ನು ಲಟ್ಟಿಸುತ್ತೇವೆ, ಜೋಳದ ರೊಟ್ಟಿಯನ್ನು ಬಡಿಯುತ್ತೇವೆ, ಅಕ್ಕಿ ರೊಟ್ಟಿಯನ್ನು ತಟ್ಟುತ್ತೇವೆ. ಗೋಧಿಯ ಬಳಗಕ್ಕೆ ಸೇರಿದ ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಇದೇ ತರದ ಪ್ರೋಟೀನ್ ಇದೆ, ಅವೂ ನಮಗೆ ಆಗುವುದಿಲ್ಲ.

ಸೀಲಿಯಾಕ್ ಅಲರ್ಜಿ ಅಲ್ಲ. ಬರಿ ಅಜೀರ್ಣವೂ ಅಲ್ಲ. ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರು ಅಂದುಕೊಂಡು ತನ್ನದೇ ಸಣ್ಣಕರುಳಿನ ಮೇಲೆ ದಾಳಿ ಮಾಡುತ್ತದೆ. ಸಣ್ಣಕರುಳಿನ ಒಳಗೋಡೆ ನಾಟಿ ಮಾಡಿದ ಗದ್ದೆಯ ಹಾಗೆ ಇರುತ್ತದೆ. ವಿಲ್ಲೈ ಎನ್ನುವ, ಸುಮಾರು ಒಂದು ಮಿಲಿಮೀಟರ್ ಎತ್ತರದ ಪೈರುಗಳು ಒತ್ತಾಗಿ ನಿಂತಿರುತ್ತವೆ. ತಿಂದ ಅನ್ನದ ಸಾರ ರಕ್ತಕ್ಕೆ ಸೇರುವುದು ಅವುಗಳ ಮೂಲಕ. ದಾಳಿಯಾದರೆ ಆ ಪೈರು ಮಲಗುತ್ತದೆ, ಕೊನೆಗೆ ಗದ್ದೆ ಬಟ್ಟಬಯಲು. ಹೆಚ್ಚು ಪೆಟ್ಟು ಬೀಳುವುದು ಕರುಳಿನ ಮೊದಲ ಭಾಗಕ್ಕೆ, ಕಬ್ಬಿಣದ ಅಂಶ ಹೀರಿಕೊಳ್ಳುವುದೂ ಮುಖ್ಯವಾಗಿ ಅಲ್ಲೇ. ನನ್ನ ಕತೆ ಹಾಗೇ ಶುರುವಾಗಿದ್ದು. ಆರು ವರ್ಷ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗಿದೆ. ಹಿಮೋಗ್ಲೋಬಿನ್ ಏರಲೇ ಇಲ್ಲ. ‘ಸೊಪ್ಪು ತಿನ್ನಿ, ಬೀಟ್‌ರೂಟ್ ತಿನ್ನಿ’ ಅಂತ ಎಲ್ಲರೂ ಹೇಳಿದರು, ತಿಂದೆ. ತಿಂದದ್ದು ಸೇರಬೇಕಲ್ಲ!

ಹೀಗಾಗಿ ಈ ಕಾಯಿಲೆ ಯಾವಾಗಲೂ ಹೊಟ್ಟೆನೋವಿನ ವೇಷದಲ್ಲೇ ಬರಬೇಕು ಅಂತಿಲ್ಲ. ಮಗು ಎತ್ತರ ಬೆಳೆಯದಿರುವುದು, ಮೂಳೆ ಸವೆತ, ಬಾಯಿಹುಣ್ಣು, ಮೊಣಕೈ ಮೊಣಕಾಲಿನ ಮೇಲೆ ವಿಪರೀತ ತುರಿಸುವ ಗುಳ್ಳೆ, ಹೀಗೆ ಬರಬಹುದು. ಮೊದಲ ಪರೀಕ್ಷೆ ರಕ್ತದ್ದು, ಟಿಟಿಜಿ-ಐಜಿಎ ಅಂತ; ರಕ್ಷಣಾ ವ್ಯವಸ್ಥೆ ಈ ದಾಳಿಗೆ ತಯಾರಿಸುವ ಪ್ರತಿಕಾಯ (ಆ್ಯಂಟಿಬಾಡಿ) ರಕ್ತದಲ್ಲಿದೆಯೇ ಅಂತ ನೋಡುವುದು. ಅದರಲ್ಲಿ ಕಂಡರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಇಲ್ಲೊಂದು ಮಾತು ದಯವಿಟ್ಟು ನೆನಪಿಡಿ: ಅನುಮಾನ ಬಂದ ತಕ್ಷಣ ನೀವೇ ಗೋಧಿ ಬಿಟ್ಟುಬಿಡಬೇಡಿ. ಬಿಟ್ಟು ಕೆಲವು ತಿಂಗಳಾದರೆ ಕರುಳು ಸುಧಾರಿಸಿ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಇಲ್ಲ ಅಂತ ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಮನೆಯಲ್ಲಿ ಒಬ್ಬರಿಗೆ ಬಂದರೆ ಒಡಹುಟ್ಟಿದವರು, ಮಕ್ಕಳು, ತಂದೆತಾಯಿ ಕೂಡ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇದು ವಂಶದಲ್ಲಿ ಬರುವಂಥದ್ದು.

ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೇ ಔಷಧಿ. ಇದು ಗೊತ್ತಾಗಿದ್ದೂ ಅನ್ನ ಇಲ್ಲದ ಕಾಲದಲ್ಲೇ. ವಿಲೆಮ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯರಿಗೆ ಗೋಧಿಯ ಮೇಲೆ ಮೊದಲಿಂದಲೂ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ನೆದರ್ಲೆಂಡ್ಸ್‌ನಲ್ಲಿ ಬರ ಬಿದ್ದು ಬ್ರೆಡ್ ಸಿಗದಂತಾಯಿತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು, ಬ್ರೆಡ್ ವಾಪಸ್ ಬಂದ ಮೇಲೆ ಮತ್ತೆ ಹಾಸಿಗೆ ಹಿಡಿದರು. ಅನುಮಾನ ಖಚಿತವಾಯಿತು.

‘ಒಂದು ಚೂರು ತಿಂದರೆ ಏನಾಗುತ್ತೆ?’ ಹಬ್ಬದ ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು, ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರಕ್ಕೆ ಲೆಕ್ಕ ಇದೆ. 2007ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ, ಪಥ್ಯದಲ್ಲಿದ್ದ ಸೀಲಿಯಾಕ್ ರೋಗಿಗಳಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಅನ್ನು ಮೂರು ತಿಂಗಳು ಕೊಟ್ಟು ನೋಡಿದರು. ಕರುಳಿಗೆ ಹಾನಿಯಾಗಿತ್ತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಬಹುತೇಕರಿಗೆ ತೊಂದರೆ ಇಲ್ಲ ಅಂತ ಈಗ ಲೆಕ್ಕ ಇಟ್ಟುಕೊಂಡಿದ್ದಾರೆ. ಒಂದು ಗ್ರಾಂ ಮೈದಾದಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ 10 ಮಿಲಿಗ್ರಾಂ ಆಗಲು ಒಂದು ಗ್ರಾಮಿನ ಎಂಟನೇ ಒಂದು ಭಾಗ ಮೈದಾ ಸಾಕು. ಒಂದು ಚಿಟಿಕೆ. ಹೋಳಿಗೆಯ ‘ಒಂದು ಚೂರು’ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಇನ್ನೊಂದು ವಿಷಯ, ತಿಂದ ಮೇಲೆ ಏನೂ ಆಗಲಿಲ್ಲ ಅಂದರೆ ಒಳಗೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಕೆಲವರಿಗೆ ಹೊಟ್ಟೆ ಸದ್ದಿಲ್ಲದೆ ಇರುತ್ತದೆ, ಕರುಳು ಮಾತ್ರ ಸವೆಯುತ್ತಿರುತ್ತದೆ.

ನಮ್ಮ ಕಡೆ ಈ ಕಾಯಿಲೆಯ ಹೆಸರೇ ಕೇಳಿರದ ಜನ ಜಾಸ್ತಿ. ಅದಕ್ಕೂ ಕಾರಣ ಇದೆ. 2016ರಲ್ಲಿ ಪ್ರಕಟವಾದ, ದೇಶದ ಮೂರು ಭಾಗಗಳ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಸೀಲಿಯಾಕ್‌ನ ಪ್ರತಿಕಾಯ ಉತ್ತರದಲ್ಲಿ ಶೇ. 1.23ರಷ್ಟು ಜನರಲ್ಲಿ, ದಕ್ಷಿಣದಲ್ಲಿ ಶೇ. 0.10ರಷ್ಟು ಜನರಲ್ಲಿ ಕಂಡಿತು. ಕಾಯಿಲೆಗೆ ಬೇಕಾದ ವಂಶವಾಹಿ ದಕ್ಷಿಣದವರಲ್ಲೂ ಕಡಿಮೆಯೇನಲ್ಲ. ದೊಡ್ಡ ವ್ಯತ್ಯಾಸ ಇದ್ದಿದ್ದು ತಟ್ಟೆಯಲ್ಲಿ: ಅಲ್ಲಿ ದಿನಾ ಗೋಧಿ, ಇಲ್ಲಿ ದಿನಾ ಅಕ್ಕಿ.

ನಮ್ಮ ಕಷ್ಟ ಬೇರೆ ತರದ್ದು. ವಾರದ ದಿನಗಳಲ್ಲಿ ಕನ್ನಡದ ಮನೆಗಳಲ್ಲಿ ಸೀಲಿಯಾಕ್ ಇದ್ದವರು ಬಹಳ ಆರಾಮವಾಗಿ ಬದುಕಬಹುದು. ಮುದ್ದೆ, ಅನ್ನ, ಇಡ್ಲಿ, ನೀರುದೋಸೆ, ಜೋಳದ ರೊಟ್ಟಿ, ಎಣಗಾಯಿ, ಇದೆಲ್ಲ ಮೊದಲಿಂದಲೂ ಇದೆ. ಗೋಧಿ ನಮ್ಮ ಮನೆಗೆ ಬರುವುದು ವಿಶೇಷದ ದಿನ. ಹೋಳಿಗೆ, ಚಿರೋಟಿ, ಕರಿಗಡುಬು, ಕರ್ಜಿಕಾಯಿ, ರವೆ ಉಂಡೆ, ಶಾವಿಗೆ ಪಾಯಸ, ಕೇಸರಿಬಾತ್, ಉತ್ತರ ಕರ್ನಾಟಕದ ಗೋಧಿ ಹುಗ್ಗಿ, ಮಾದಲಿ. ನೆಂಟರು ಬಂದರೆ ಪೂರಿ. ಉಪವಾಸದ ದಿನ ಅಂತೂ ತಲೆಕೆಳಗು: ಅನ್ನ ಬಿಟ್ಟು ‘ಫಲಾರ’ ಅಂತ ಉಪ್ಪಿಟ್ಟು, ಚಪಾತಿ ಮಾಡುವ ಮನೆಗಳು ಎಷ್ಟಿಲ್ಲ! ಎಲ್ಲರೂ ಅನ್ನ ಬಿಡುವ ದಿನ ನನಗೆ ಅನ್ನವೇ ಬೇಕು. ಈಗ ಆ ದಿನ ಅವಲಕ್ಕಿ, ಸಬ್ಬಕ್ಕಿ ಕಿಚಡಿ, ಇಲ್ಲವೇ ಸಾಮೆ ಉಪ್ಪಿಟ್ಟು ಮಾಡಿಕೊಳ್ಳುತ್ತೇನೆ.

ಹೆಸರುಗಳೂ ದಾರಿ ತಪ್ಪಿಸುತ್ತವೆ. ಇಡ್ಲಿ ರವೆ, ಅಕ್ಕಿತರಿ ಅಕ್ಕಿಯದು, ತಿನ್ನಬಹುದು. ಚಿರೋಟಿ ರವೆ, ಬನ್ಸಿ ರವೆ, ಸಜ್ಜಿಗೆ, ಎಲ್ಲವೂ ಗೋಧಿ. ಜವೆಗೋಧಿ ಅಂದರೆ ಕೆಲವು ಕಡೆ ಬಾರ್ಲಿ, ಬೆಳಗಾವಿ ಕಡೆ ಕಪ್ಲಿ ಗೋಧಿಗೂ ಹಾಗೇ ಅನ್ನುತ್ತಾರೆ; ಯಾವುದಾದರೂ ಸರಿ, ನಮಗೆ ಆಗದು. ‘ಕಪ್ಲಿ ಹಳೇ ತಳಿ, ಅದರಲ್ಲಿ ಗ್ಲುಟೆನ್ ಇಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಇದೆ. ಅಕ್ಕಿ ಹಿಟ್ಟಿನದು ಅಂದುಕೊಳ್ಳುವ ಕೋಡುಬಳೆ, ನಿಪ್ಪಟ್ಟಿಗೆ ಗರಿಗರಿಯಾಗಲಿ ಅಂತ ಚಿರೋಟಿ ರವೆಯನ್ನೋ ಮೈದಾವನ್ನೋ ಸೇರಿಸುತ್ತಾರೆ. ಸಿರಿಧಾನ್ಯದ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ, ಎಷ್ಟೋ ಸಲ ಮೊದಲ ಹೆಸರೇ ಗೋಧಿ ಹಿಟ್ಟು.

ಈಗ ಆ ಯುಗಾದಿಯ ಮೂರು ದಾರಿಗೆ ಬರುತ್ತೇನೆ.

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ಗಿರಣಿ. ಅತ್ತೆ ಕೊಟ್ಟಿದ್ದು ಶುದ್ಧ ಅಕ್ಕಿ. ಆದರೆ ಗಿರಣಿಯಲ್ಲಿ ಅದಕ್ಕೆ ಸ್ವಲ್ಪ ಮುಂಚೆಯೇ ಯಾರದೋ ಹತ್ತು ಕೆಜಿ ಗೋಧಿ ಬೀಸಿದ್ದರು. ಗಿರಣಿಗೆ ಹೋದವರಿಗೆ ಗೊತ್ತು, ಹಿಟ್ಟು ಬೀಳುವ ಬಟ್ಟೆಯ ಚೀಲ, ಕಲ್ಲಿನ ಸಂದು, ತಗಡಿನ ಡಬ್ಬಿ, ಎಲ್ಲ ಕಡೆ ಬಿಳಿ ಹಿಟ್ಟು ಕೂತಿರುತ್ತದೆ. ಮುಂದಿನವರ ಧಾನ್ಯದ ಜೊತೆ ಅದೂ ಇಳಿಯುತ್ತದೆ. ಲೆಕ್ಕ ಹಾಕಿ: ನೂರು ಗ್ರಾಂ ಅಕ್ಕಿ ಹಿಟ್ಟಿನಲ್ಲಿ ಒಂದೇ ಒಂದು ಗ್ರಾಂ ಗೋಧಿ ಹಿಟ್ಟು ಬೆರೆತಿದ್ದರೂ ಹತ್ತಿರ ಹತ್ತಿರ 80 ಮಿಲಿಗ್ರಾಂ. ನನಗೆ ಅಂತ ಮಾಡಿದ ಕಡುಬೇ ನನ್ನನ್ನು ಮಲಗಿಸಿತ್ತು. ಈಗ ನಾವು ಅಕ್ಕಿ ತೊಳೆದು, ನೆನೆಸಿ, ನೆರಳಲ್ಲಿ ಬಟ್ಟೆಯ ಮೇಲೆ ಆರಿಸಿ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಮಿಕ್ಸಿಯಲ್ಲಿ ಪುಡಿ ಮಾಡಿ, ಗೋಧಿ ಹಿಟ್ಟು ಕಾಣದ ಬೇರೆ ಜರಡಿಯಲ್ಲಿ ಜರಡಿ ಹಿಡಿಯುತ್ತೇವೆ. ಮೊದಲ ಸಲ ಬೇಜಾರಿನ ಕೆಲಸ ಅನ್ನಿಸಿತು, ಈಗ ರೂಢಿ. ಆ ಹಿಟ್ಟಿನ ಕಡುಬು ಮೆತ್ತಗೂ ಇರುತ್ತದೆ. ಜೋಳದ ಹಿಟ್ಟು ಜಾಸ್ತಿ ಬೇಕಾಗುವ ಮನೆಯವರು ಒಂದು ಸಣ್ಣ ಮನೆಗಿರಣಿ ಇಟ್ಟುಕೊಂಡು ಅದಕ್ಕೆ ಗೋಧಿ ಹಾಕದೇ ಇರುವುದು ಒಳ್ಳೆಯದು. ಕಾಳುಗಳನ್ನು ಆರಿಸುವುದೂ ಮುಖ್ಯ, ಜೋಳದಲ್ಲಿ, ಬೇಳೆಯಲ್ಲಿ ಒಂದೆರಡು ಗೋಧಿ ಕಾಳು ಸಿಕ್ಕೇ ಸಿಗುತ್ತವೆ.

ಎರಡನೆಯದು ಎಣ್ಣೆ. ಹಪ್ಪಳ ಕರಿದದ್ದು ಕರಿಗಡುಬು ಕರಿದ ಬಾಣಲೆಯಲ್ಲೇ. ಕುದಿಯುವ ಎಣ್ಣೆಯಲ್ಲಿ ಎಲ್ಲ ಸುಟ್ಟುಹೋಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಗ್ಲುಟೆನ್ ರೋಗಾಣು ಅಲ್ಲ, ಕಾಯಿಸಿದರೆ ಸಾಯುವುದಕ್ಕೆ. ಅದು ಪ್ರೋಟೀನ್. ಎಣ್ಣೆಯ ತಳದಲ್ಲಿ ಕಂದು ಬಣ್ಣದ ಚರಟ ಕೂರುತ್ತದಲ್ಲ, ಅದೆಲ್ಲ ಗೋಧಿ ಹಿಟ್ಟೇ.

ಮೂರನೆಯದು ಹಿಂಗು. ಇದನ್ನು ಹೇಳಿದರೆ ಯಾರೂ ಮೊದಲು ನಂಬುವುದಿಲ್ಲ. ನಿಮ್ಮ ಮನೆಯ ಹಿಂಗಿನ ಡಬ್ಬಿ ಎತ್ತಿ ಹಿಂಬದಿ ಓದಿ. ಹಿಂಗು ಅಂದರೆ ಒಂದು ಗಿಡದ ಬೇರಿನ ಹಾಲು ಗಟ್ಟಿಯಾದದ್ದು, ಬಹುಪಾಲು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದಿಂದ ಬರುತ್ತದೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 2020ರಲ್ಲಿ ನಮ್ಮ ವಿಜ್ಞಾನಿಗಳು ಅದರ ಸಸಿ ನೆಟ್ಟಿದ್ದಾರೆ. ಬರಿ ಹಿಂಗು ತಡೆಯಲಾರದಷ್ಟು ಘಾಟು, ಹಾಗಾಗಿ ಅಂಟು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಬಹಳ ಸಲ ಮೈದಾ. ಗಟ್ಟಿ ಹಿಂಗಿನಲ್ಲೂ ಇರಬಹುದು. ಒಂದು ಪಾತ್ರೆ ಸಾರಿಗೆ ಹಾಕಿದ ಚಿಟಿಕೆ ಹಿಂಗು ಒಬ್ಬರ ಪಾಲಿಗೆ ಬರುವಾಗ ಬಹಳ ಸಣ್ಣದು, ಅದನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ಆದರೆ ಹಬ್ಬದ ಎಲೆಯಲ್ಲಿ ಹಿಂಗು ಇಲ್ಲದ್ದು ಯಾವುದಿದೆ? ಸಾರಿನಪುಡಿ, ಸಾರಿನ ಒಗ್ಗರಣೆ, ಕೋಸಂಬರಿ, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ. ಹನಿ ಹನಿ ಕೂಡಿದರೆ ಹಳ್ಳ. ಅಕ್ಕಿ ಹಿಟ್ಟು ಬೆರೆಸಿದ ಹಿಂಗು ಅಂಗಡಿಯಲ್ಲಿ ಸಿಗುತ್ತದೆ, ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಅದೇ. ರುಚಿಯಲ್ಲಿ ಏನೂ ವ್ಯತ್ಯಾಸ ಇಲ್ಲ.

ಪೊಟ್ಟಣದ ಮೇಲೆ ನೋಡಬೇಕಾದ್ದು ಎರಡು. ಗೋಧಿ, ಬಾರ್ಲಿಯಂಥವು ಇದ್ದರೆ ಅಲರ್ಜಿ ಸೂಚನೆಯಲ್ಲಿ ಹೇಳಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ‘ಗ್ಲುಟೆನ್ ಫ್ರೀ’ ಅಂತ ಬರೆದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂ ಮೀರಬಾರದು. ಆದರೆ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ತೂಗಿ ಕೊಡುವ ಚಕ್ಕುಲಿಗೆ ಚೀಟಿ ಎಲ್ಲಿಂದ ಬರಬೇಕು? ಅಲ್ಲಿಂದ ತರುವುದನ್ನೇ ಬಿಟ್ಟಿದ್ದೇನೆ.

ಇಷ್ಟೆಲ್ಲವನ್ನೂ ಮನೆಯವರಿಗೆ ಹೇಗೆ ಹೇಳುವುದು? ನಾನು ಎರಡು ವರ್ಷ ಇಂಗ್ಲಿಷ್ ಪದ ಇಟ್ಟುಕೊಂಡು ಒದ್ದಾಡಿದೆ. ಕೊನೆಗೆ ಒಂದು ದಿನ ಅತ್ತೆಗೆ, ‘ಗೋಧಿಗೆ ಮುಸುರೆ ಇದೆ ಅಂತ ಲೆಕ್ಕ ಹಿಡೀರಿ’ ಅಂದೆ. ಅಷ್ಟೇ ಸಾಕಾಯಿತು. ಅನ್ನ ಮುಟ್ಟಿದ ಕೈ ತೊಳೆಯದೆ ಅವರು ತುಪ್ಪದ ಗಿಂಡಿ ಮುಟ್ಟಿದವರಲ್ಲ. ಪಲ್ಯದ ಸೌಟನ್ನು ಮೊಸರಿಗೆ ಅದ್ದಿದವರಲ್ಲ. ಸೋಂಕುವುದು ಅಂದರೇನು ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಿಟ್ಟಿನ ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಟಬಾರದು, ಚಪಾತಿ ಮಣೆಯ ಮೇಲೆ ಅಕ್ಕಿ ರೊಟ್ಟಿ ತಟ್ಟಬಾರದು, ಇದನ್ನೆಲ್ಲ ಅವರೇ ನನಗೆ ಹೇಳಲು ಶುರುಮಾಡಿದರು. ನಿಮ್ಮ ಮನೆಯ ಹಿರಿಯರಿಗೂ ಹೀಗೇ ಹೇಳಿ ನೋಡಿ.

ಈಗ ನಮ್ಮಲ್ಲಿ ಹಬ್ಬದ ದಿನ ಅಡುಗೆಗೆ ಒಂದು ಸರದಿ ಇದೆ. ಬೆಳಿಗ್ಗೆ ಒಲೆ ಹಚ್ಚಿದ ಮೇಲೆ ಮೊದಲು ಗೋಧಿ ಇಲ್ಲದ್ದೆಲ್ಲ ಆಗಬೇಕು: ಅನ್ನ, ಸಾರು, ಪಲ್ಯ, ಕಡುಬು, ಹಪ್ಪಳ-ಸಂಡಿಗೆ ಹೊಸ ಎಣ್ಣೆಯಲ್ಲಿ. ನನ್ನ ಪಾಲನ್ನು ಮುಚ್ಚಳದ ಡಬ್ಬಿಗೆ ಹಾಕಿ ಎತ್ತಿಟ್ಟ ಮೇಲೆಯೇ ಮೈದಾ ಡಬ್ಬಿ ತೆಗೆಯುವುದು. ಮೈದಾ ಜರಡಿ ಹಿಡಿದರೆ ಗಾಳಿಯಲ್ಲಿ ಹಾರಿ ಕಟ್ಟೆಯೆಲ್ಲ ಕೂರುತ್ತದೆ, ಆಗ ತೆರೆದ ಪಾತ್ರೆ ಯಾವುದೂ ಇರಬಾರದು. ಪ್ರತ್ಯೇಕವಾಗಿ ಇಟ್ಟುಕೊಂಡಿರುವುದು ಒಂದು ಮರದ ಸೌಟು, ಒಂದು ಜರಡಿ, ಒಂದು ಕಾವಲಿ, ಲಟ್ಟಣಿಗೆ-ಮಣೆ, ಅಷ್ಟೇ. ಸ್ಟೀಲ್ ಪಾತ್ರೆ ಚೆನ್ನಾಗಿ ತಿಕ್ಕಿ ತೊಳೆದರೆ ಸಾಕು. ಮರ ಮತ್ತು ಜರಡಿಯ ಸಂದಿನಿಂದ ಹಿಟ್ಟು ಹೋಗುವುದಿಲ್ಲ.

ಏನು ಮಾಡುವುದು ಅನ್ನುವುದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ: ಗೋಧಿಯ ತಿಂಡಿಯನ್ನು ಗೋಧಿ ಇಲ್ಲದೆ ಮಾಡಲು ಹೋಗಬೇಡಿ. ಅಕ್ಕಿ ಹಿಟ್ಟಿನ ಕಣಕದಲ್ಲಿ ಹೋಳಿಗೆ ಲಟ್ಟಿಸಲು ಹೋಗಿ ಹರಿದು, ಎಲ್ಲರಿಗೂ ಅಳು ಬರುತ್ತದೆ. ಅದೇ ಹೂರಣವನ್ನು ಉಕ್ಕರಿಸಿದ ಅಕ್ಕಿ ಹಿಟ್ಟಿನಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದರೆ ಕಡುಬು, ಅದು ಯಾವುದರ ನಕಲೂ ಅಲ್ಲ. ಗಣೇಶನಿಗಂತೂ ಅದೇ ಬೇಕು. ಸಂಕ್ರಾಂತಿಯ ಎಳ್ಳುಬೆಲ್ಲ, ಅಕ್ಕಿ ಹುಗ್ಗಿ, ಪಂಚಮಿಯ ಶೇಂಗಾ ಉಂಡೆ, ಎಳ್ಳುಂಡೆ, ಶಿವರಾತ್ರಿಯ ಅಕ್ಕಿ ತಂಬಿಟ್ಟು, ಗಸಗಸೆ ಪಾಯಸ, ಹೆಸರುಬೇಳೆ ಪಾಯಸ, ಅಕ್ಕಿ ಶಾವಿಗೆ ಕಾಯಿಹಾಲು, ಪಟ್ಟಿ ಉದ್ದವೇ ಇದೆ. ನನಗೆ ಎಲ್ಲಕ್ಕಿಂತ ಇಷ್ಟದ ಹಬ್ಬ ಈಗ ಎಳ್ಳಮಾವಾಸ್ಯೆ. ಬೀದರ್-ಕಲಬುರಗಿ ಕಡೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ: ಸಜ್ಜೆ ರೊಟ್ಟಿ, ಜೋಳದ ಕಡುಬು, ಹಲವು ಬಗೆ ಕಾಳು-ಸೊಪ್ಪು ಹಾಕಿದ ಭಜ್ಜಿ, ಅಂಬಲಿ. ಹಿಟ್ಟು ಶುದ್ಧವಾಗಿದ್ದರೆ ಅಲ್ಲಿ ನಾನು ಯಾರನ್ನೂ ಏನೂ ಕೇಳಬೇಕಾಗಿಲ್ಲ. ಎಲ್ಲರ ಜೊತೆ ಕೂತು, ಎಲ್ಲರೂ ತಿನ್ನುವುದನ್ನೇ ತಿನ್ನುತ್ತೇನೆ.

ಪ್ರಸಾದದ ವಿಷಯ ಸೂಕ್ಷ್ಮ. ಸತ್ಯನಾರಾಯಣ ಪೂಜೆಯ ಸಪಾದ ಗೋಧಿ ರವೆಯದು. ಬೇಡ ಅಂದರೆ ಕೊಡುವವರ ಮನಸ್ಸಿಗೆ ನೋವು, ತಿಂದರೆ ನನಗೆ. ನಾನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿದ್ದವರಿಗೆ ಕೊಟ್ಟು ಕೈ ತೊಳೆಯುತ್ತೇನೆ. ನನ್ನ ಪಾಲಿಗೆ ತೀರ್ಥ, ಬಾಳೆಹಣ್ಣು, ಕಾಯಿ ಚೂರು. ನಮ್ಮ ಮನೆಯ ಪುರೋಹಿತರನ್ನು ಕೇಳಿದಾಗ, ಹಾಗೆ ಮಾಡಿದರೆ ಏನೂ ತಪ್ಪಿಲ್ಲ ಅಂದರು. ನನಗೆ ಅವತ್ತು ದೊಡ್ಡ ಭಾರ ಇಳಿದ ಹಾಗಾಯಿತು.

ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ಕೂರಿ, ಸೌಟುಗಳು ಇನ್ನೂ ಅದಲುಬದಲಾಗಿರುವುದಿಲ್ಲ. ಬಾಳೆಲೆ ಇದ್ದರೆ ಅದೃಷ್ಟ, ತಟ್ಟೆಯ ಚಿಂತೆ ಇಲ್ಲ. ಅಡುಗೆ ಭಟ್ಟರನ್ನು ಮುಂಚೆಯೇ ಕಂಡು ಹಿಂಗು, ಎಣ್ಣೆ ಕೇಳಿಕೊಳ್ಳಿ. ಅನುಮಾನ ಇದ್ದರೆ ಮನೆಯಲ್ಲೇ ಉಂಡು ಹೋಗಿ, ಅಲ್ಲಿ ಅನ್ನ-ಮೊಸರು, ಹಣ್ಣು ಸಾಕು. ಮಕ್ಕಳಿಗೆ ಈ ಕಾಯಿಲೆ ಇದ್ದರೆ ಅವರ ಡಬ್ಬಿಯಲ್ಲಿ ಬೇರೆ ಮಕ್ಕಳು ಆಸೆಪಡುವಂಥದ್ದು ಏನಾದರೂ ಇರಲಿ.

ಅತ್ತೆ ಮೊದಲೆರಡು ವರ್ಷ, ‘ಒಂದ್ ತುಣುಕು ತಿನ್ನವಾ, ಹಬ್ಬದ ದಿನ ಹೋಳಿಗಿ ಬ್ಯಾಡ ಅನಬಾರದು’ ಅನ್ನುತ್ತಿದ್ದರು. ಈ ಸಲ ಯುಗಾದಿಗೆ ಹೋದಾಗ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ನಾಲ್ಕು ಡಬ್ಬಿ ಸಾಲಾಗಿ ಇದ್ದವು: ಅಕ್ಕಿ ಹಿಟ್ಟು, ಸಾರಿನಪುಡಿ, ಹಿಂಗು, ಕಡಲೆ ಹಿಟ್ಟು. ಪ್ರತಿ ಮುಚ್ಚಳದ ಮೇಲೂ ಒಂದೊಂದು ಕುಂಕುಮದ ಬೊಟ್ಟು. ಮಧ್ಯಾಹ್ನ ಹೋಳಿಗೆ ಬೇಯಿಸುತ್ತಿದ್ದ ನಾದಿನಿ ಹಿಟ್ಟಿನ ಕೈಯಲ್ಲೇ ಹಿಂಗಿನ ಡಬ್ಬಿಗೆ ಕೈ ಚಾಚಿದಳು. ಅತ್ತೆ ಅಲ್ಲಿಂದಲೇ ಕೂಗಿದರು, ‘ಏ, ಬೊಟ್ಟಿಂದು ಮುಟ್ಟಬ್ಯಾಡ, ಕೈ ತೊಳಕೊಂಡ್ ಬಾ!’